ಉಳಿದ ಪೆಟ್ರೋಲು

ನಮ್ಮ ಎದುರುಮನೆಯ ಟೀಚರು ತೀರಿಹೋದ ತಂದೆಯ ಸ್ಕೂಟರಿನಲ್ಲೇ ಮಾನ್ವಿಯಿಂದ ಕವಿತಾಳದ ಶಾಲೆಗೆ ಹೋಗುತ್ತಿದ್ದರು. ಸಂಜೆ ಬಂದು ಸೀಟಿಗೊಂದು ಏಟು ಕೊಟ್ಟು, "ಲೀಟರಿಗೆ ನಲವತ್ತರ ಮ್ಯಾಲ ಕೊಡವಲ್ದು. ಲೆಕ್ಕ ಸರಿ ಬರವಲ್ದು ನೋಡ್ರಿ" ಎನ್ನುವುದು ಅವರ ದಿನದ ಮಾತು. ಕೊನೆಗೆ ಬೇಸತ್ತು ಅದನ್ನು ದೇವದುರ್ಗದ ಹಾಲಿನವನೊಬ್ಬನಿಗೆ ಮಾರಿಬಿಟ್ಟರು.

ಮುಂದೊಮ್ಮೆ ಆತ ಕಾಗದಕ್ಕೆ ಸಹಿ ಹಾಕಿಸಿಕೊಳ್ಳಲು ಅದೇ ಸ್ಕೂಟರಿನಲ್ಲಿ ಬಂದ. "ಚಲೋ ಗಾಡಿ ಅದ್ರಿ ಟೀಚರ್! ರಸ್ತಾದ ಕಿಲೋಮೀಟರ್ ಕಲ್ಲು ನೋಡ್ಕೋಂತ ಓಡಿಸೀನಿ. ಹತ್ತು ಕಿಲೋಮೀಟರ್ ಹೋದ್ರ ಮೀಟರ್ ಎಂಟೇ ತೋರಸ್ತದ. ನಿಮ್ಮ ನಲವತ್ತು ಅಂದ್ರ ಖರೇನ ಐವತ್ತು."

ಟೀಚರು ಸೀಟಿನ ಮೇಲೆ ಮೆಲ್ಲಗೆ ಕೈಯಾಡಿಸಿದರು. ಆತ ಹೋದ ಮೇಲೆ ನನಗೆ ಹೇಳಿದರು: "ಮೀಟರಿನ್ಯಾಗ ಇಷ್ಟೇ ಓಡೇದ, ಉಳಿದ ಪೆಟ್ರೋಲ್ ಎಲ್ಲಿ ಹೋತು ಅಂತ ಅಪ್ಪಗ ದಿನಾ ಕೇಳ್ತಿದ್ದೆ. ಅಂವ ಸುಮ್ಮನ ತೆಲಿ ಕೆಳಗ ಹಾಕ್ತಿದ್ದ."