ನಿಂತಲ್ಲೇ ತುಳಿದ ಸೈಕಲ್

ದಾಕ್ಷಾಯಿಣಿಯ ತಲೆಗೆ ಪೆಟ್ಟು ಬಿದ್ದದ್ದು ಸೆಪ್ಟೆಂಬರಿನಲ್ಲಿ, ಧಾರವಾಡದ ಒಂದು ಮೈದಾನದಲ್ಲಿ, ಕಾಲೇಜು ಕಾಲೇಜುಗಳ ನಡುವಿನ ಖೋ-ಖೋ ಪಂದ್ಯದಲ್ಲಿ. ಆಗ ಅವಳಿಗೆ ಹದಿನೇಳು, ಪಿಯುಸಿ ಎರಡನೇ ವರ್ಷ. ಎದುರಿನವಳನ್ನು ಮುಟ್ಟಲು ಉದ್ದಕ್ಕೆ ಹಾರಿದಾಗ ಹಣೆಯ ಎಡಭಾಗ ಕಂಬಕ್ಕೆ ಬಡಿಯಿತು. ಬಿದ್ದವಳು ಕೂಡಲೇ ಎದ್ದಳು, ಮಣ್ಣು ಝಾಡಿಸಿಕೊಂಡಳು, ಉಳಿದ ಮೂರು ನಿಮಿಷ ಓಡಿ ಇನ್ನೊಬ್ಬಳನ್ನು ಔಟ್ ಮಾಡಿದಳು. ಅವಳ ಅಪ್ಪ ದ್ಯಾಮಣ್ಣ ಅರ್ಧ ದಿನ ರಜೆ ಹಾಕಿ ನೋಡಲು ಬಂದಿದ್ದ. ಲಕಮನಹಳ್ಳಿಯ ಕೈಗಾರಿಕಾ ಪ್ರದೇಶದಲ್ಲಿ ಟ್ರಾಕ್ಟರ್ ಟ್ರೇಲರ್ ಕಟ್ಟುವ ವರ್ಕ್‌ಶಾಪಿನಲ್ಲಿ ಅವನು ವೆಲ್ಡರ್. ಪಂದ್ಯ ಗೆದ್ದ ಮೇಲೆ ಮಗಳನ್ನು ಬೈಕಿನ ಹಿಂದೆ ಕೂರಿಸಿಕೊಂಡು ಮನೆಗೆ ಬಂದ. ದಾರಿಯಲ್ಲಿ ಅವಳು ಒಂದು ಮಾತೂ ಆಡಲಿಲ್ಲ. ದಣಿದಿದ್ದಾಳೆ ಅಂದುಕೊಂಡ.

ಮರುದಿನ ತರಗತಿಯಲ್ಲಿ ಬೋರ್ಡಿನ ಮೇಲಿನ ಅಕ್ಷರ ಅವಳಿಗೆ ಕಾಣಿಸಿತು, ಆದರೆ ಓದಿದ್ದು ತಲೆಯಲ್ಲಿ ನಿಲ್ಲಲಿಲ್ಲ. ಮಧ್ಯಾಹ್ನ ವಾಂತಿಯಾಯಿತು. ಆಸ್ಪತ್ರೆಯಲ್ಲಿ ಸ್ಕ್ಯಾನ್ ಮಾಡಿಸಿದರು. ರಕ್ತಸ್ರಾವ ಇಲ್ಲ, ಬಿರುಕು ಇಲ್ಲ, ಮಿದುಳಿಗೆ ಒಳಗೇ ಅಲುಗಾಟವಾಗಿದೆ, ವಿಶ್ರಾಂತಿ ಕೊಡಿ ಎಂದರು. ಎಷ್ಟು ದಿನ ಎಂದು ಇವರು ಕೇಳಲಿಲ್ಲ, ಅವರೂ ಹೇಳಲಿಲ್ಲ. ಅವ್ವ ಶಿವಲಿಂಗವ್ವ ಒಳಕೋಣೆಯ ಕಿಟಕಿಗೆ ಕರಿ ಕಂಬಳಿ ಕಟ್ಟಿದಳು. ಮೊಬೈಲ್ ಇಲ್ಲ, ಪುಸ್ತಕ ಇಲ್ಲ, ಗೆಳತಿಯರು ಬಂದರೆ ಹತ್ತು ನಿಮಿಷ. ಹಾಗೆ ಏಳು ವಾರ ಕಳೆದವು.

ಆ ಏಳು ವಾರ ದಾಕ್ಷಾಯಿಣಿ ಅಳಲಿಲ್ಲ, ಬೇಸರವಾಗಿದೆ ಎನ್ನಲೂ ಇಲ್ಲ. ತಟ್ಟೆಗೆ ಹಾಕಿದ ರೊಟ್ಟಿ ತಿಂದಳು, ಮಲಗು ಎಂದರೆ ಮಲಗಿದಳು. ಜಿಲ್ಲಾ ಮಟ್ಟದಲ್ಲಿ ಅವಳ ತಂಡ ಸೋತ ಸುದ್ದಿಯನ್ನು ಗೆಳತಿ ಅಳುತ್ತ ಹೇಳಿದಾಗ ಹೌದಾ ಅಂದಳು. ಹುಡುಗಿ ಎಷ್ಟು ಗಟ್ಟಿ, ಎಷ್ಟು ಸಮಾಧಾನ ಎಂದು ಓಣಿಯ ಹೆಂಗಸರು ಮೆಚ್ಚಿಕೊಂಡರು.

ತಲೆನೋವು ಮಾತ್ರ ಹೋಗಲಿಲ್ಲ. ನವೆಂಬರಿನಲ್ಲಿ ಹುಬ್ಬಳ್ಳಿಯ ನರರೋಗ ವೈದ್ಯರ ಹತ್ತಿರ ಕರೆದುಕೊಂಡು ಹೋದರು. ಬಸ್ಸಿನ ಅಲುಗಾಟಕ್ಕೆ ಹೋಗುವಾಗ ಒಮ್ಮೆ, ಬರುವಾಗ ಎರಡು ಸಲ ವಾಂತಿಯಾಯಿತು. ವೈದ್ಯರು ಇನ್ನು ಮಲಗಿಸಬೇಡಿ, ಅಳತೆಯಿಟ್ಟು ವ್ಯಾಯಾಮ ಮಾಡಿಸಬೇಕು ಎಂದು ಒಂದು ನಂಬರ್ ಕೊಟ್ಟರು. ಅದು ಹುಬ್ಬಳ್ಳಿಯ ನವನಗರದಲ್ಲಿರುವ ಚಿನ್ಮಯೀ ಎಂಬ ಫಿಸಿಯೋಥೆರಪಿಸ್ಟ್‌ದು. ಬಸ್ಸು ಹತ್ತಲಾಗದ ಮಕ್ಕಳಿಗೆ ಆಕೆ ವಿಡಿಯೋ ಕರೆಯಲ್ಲೇ ವ್ಯಾಯಾಮ ಮಾಡಿಸುತ್ತಿದ್ದರು.

ಮೊದಲ ಕರೆಯಲ್ಲಿ ಚಿನ್ಮಯೀ ಮನೆಯಲ್ಲಿ ಏನೇನಿದೆ ಎಂದು ಕೇಳಿದರು. ಒಂದು ಹಳೇ ಸೈಕಲ್ ಇತ್ತು. ಕರೋನಾ ಕಾಲದಲ್ಲಿ ತಂದಿದ್ದ, ಬೆರಳಿಗೆ ಸಿಕ್ಕಿಸಿದರೆ ನಾಡಿ ತೋರಿಸುವ ಯಂತ್ರ ಇತ್ತು. ಅಷ್ಟು ಸಾಕು ಎಂದರು. ದ್ಯಾಮಣ್ಣ ವರ್ಕ್‌ಶಾಪಿನಲ್ಲಿ ಉಳಿದಿದ್ದ ಕಬ್ಬಿಣದ ಆ್ಯಂಗಲ್ ತುಂಡುಗಳಿಂದ ಒಂದು ಸ್ಟ್ಯಾಂಡ್ ಬೆಸೆದು ತಂದ. ಹಿಂದಿನ ಗಾಲಿ ನೆಲದಿಂದ ನಾಲ್ಕು ಬೆರಳು ಮೇಲೆ ನಿಂತಿತು, ತುಳಿತ ಭಾರವಾಗಲೆಂದು ಬ್ರೇಕನ್ನು ಸ್ವಲ್ಪ ಬಿಗಿಮಾಡಿದ. ತುಳಿದರೆ ಸೈಕಲ್ ಎಲ್ಲಿಗೂ ಹೋಗುತ್ತಿರಲಿಲ್ಲ.

ವಾರಕ್ಕೆ ಮೂರು ದಿನ ಸಂಜೆ ಐದಕ್ಕೆ ಕರೆ. ಪರದೆಯ ಬೆಳಕು ಕಣ್ಣಿಗೆ ಚುಚ್ಚುತ್ತದೆಂದು, ಹಿಂಬದಿಯ ಕ್ಯಾಮೆರಾ ಅವಳ ಕಡೆಗಿರುವಂತೆ ಫೋನನ್ನು ತಿರುಗಿಸಿ ಜೋಳದ ಡಬ್ಬಿಗೆ ಆನಿಸಿ ಇಡುತ್ತಿದ್ದರು. ಹಾಗಾಗಿ ಬಹಳ ದಿನ ದಾಕ್ಷಾಯಿಣಿಗೆ ಆಕೆಯ ಮುಖ ಗೊತ್ತಿರಲಿಲ್ಲ, ದನಿ ಮಾತ್ರ ಗೊತ್ತಿತ್ತು. ಮೊದಲ ದಿನ ಚಿನ್ಮಯೀ ನಿಧಾನವಾಗಿ ವೇಗ ಹೆಚ್ಚಿಸಲು ಹೇಳಿ, ನಾಡಿ ನೂರಾ ಮೂವತ್ತಾರಕ್ಕೆ ಬಂದಾಗ ಮುಖ ಬಿಳಿಚಿದ್ದನ್ನು ನೋಡಿ ನಿಲ್ಲಿಸಿದರು. ನೂರಾ ಹದಿನೈದು ದಾಟಬಾರದು, ದಿನಕ್ಕೆ ಹದಿನೈದು ನಿಮಿಷ ಎಂದು ಗೆರೆ ಹಾಕಿದರು. ತುಳಿಯುವಾಗ ಆಗಾಗ ಕೇಳುತ್ತಿದ್ದರು: ತಲೆನೋವು ಸೊನ್ನೆಯಿಂದ ಹತ್ತರಲ್ಲಿ ಎಷ್ಟು?

ಎರಡು, ಎನ್ನುತ್ತಿದ್ದಳು. ಕೇಳಿದಾಗಲೆಲ್ಲ ಎರಡು. ಕರೆ ಇಲ್ಲದ ದಿನ ದ್ಯಾಮಣ್ಣ ಕೆಲಸದಿಂದ ಬಂದು ಕೈಕಾಲು ತೊಳೆದು, ಪಕ್ಕದಲ್ಲಿ ಸ್ಟೂಲ್ ಹಾಕಿಕೊಂಡು ಕೂತು, ಬೆರಳಿನ ಯಂತ್ರದ ಅಂಕಿ ಓದುತ್ತಿದ್ದ. ನೂರಾ ಎಂಟು. ನೂರಾ ಹನ್ನೊಂದು. ಅವರಿಬ್ಬರ ನಡುವೆ ಬೇರೆ ಮಾತು ಇರುತ್ತಿರಲಿಲ್ಲ.

ಐದನೆಯ ವಾರ, ಒಂದು ಭಾನುವಾರ, ಅಪ್ಪ ಅವ್ವ ಇಬ್ಬರೂ ಸಂಬಂಧಿಕರ ಮನೆಗೆ ಹೋಗಿದ್ದಾಗ ದಾಕ್ಷಾಯಿಣಿ ಒಬ್ಬಳೇ ಸೈಕಲ್ ಹತ್ತಿದಳು. ನೂರಾ ಹದಿನೈದು ದಾಟಿತು, ನೂರಾ ನಲವತ್ತು ದಾಟಿತು. ಅವಳು ಬಿಡಲಿಲ್ಲ. ನೂರಾ ಅರವತ್ತೆರಡಕ್ಕೆ ಗೋಡೆ ವಾಲಿದಂತಾಗಿ ಹ್ಯಾಂಡಲ್ ಮೇಲೆ ತಲೆಯಿಟ್ಟಳು. ಶಿವಲಿಂಗವ್ವ ಬಂದು ನೋಡಿದಾಗ ನೆಲದ ಮೇಲೆ ಕೂತಿದ್ದಳು. ಮೂರು ದಿನ ಮತ್ತೆ ಕಂಬಳಿ ಕಟ್ಟಿದ ಕೋಣೆ.

ಬುಧವಾರ ಕರೆ ಬಂದಾಗ ಚಿನ್ಮಯೀ ಬೈಯಲಿಲ್ಲ. ಯಾಕೆ ಹಾಗೆ ಮಾಡಿದೆ ಎಂದಷ್ಟೇ ಕೇಳಿದರು. ದಾಕ್ಷಾಯಿಣಿ ಫೋನಿನ ಬೆನ್ನನ್ನೇ ನೋಡುತ್ತ ಹೇಳಿದಳು:

“ಮೇಡಂ, ಎರಡು ಎರಡು ಅಂತ ನಾ ಹೇಳಿದ್ದೆಲ್ಲಾ ಸುಳ್ಳರಿ. ನೋವು ಐತಿ ಅಂತ ಗೊತ್ತಾಕ್ಕೈತಿ, ಆದ್ರ ಅದು ಯಾರದೋ ನೋವು ಅನ್ನೂಹಂಗ ಐತಿ. ಯಾವ್ದೂ ಏನೂ ಅನಸೂದಿಲ್ಲ. ಜೋರ ತುಳದ್ರ ಏನರ ಅನಸ್ತೈತೇನು ಅಂತ ತುಳದೆ.”

“ಯಾವಾಗಿಂದ ಹಿಂಗ?”

“ಬಿದ್ದ ದಿನದಿಂದರಿ. ಆಸ್ಪತ್ರ್ಯಾಗ ಅವ್ವ ಅಳಾಕತ್ತಿದ್ಲು. ನಾ ನೋಡಕೋತ ಕುಂತಿದ್ದೆ. ನಾನೂ ಅಳಬೇಕೇನೋ ಅನ್ಕೊಂಡೆ.”

ಚಿನ್ಮಯೀ, “ಇದು ನಿನ್ನ ತಪ್ಪಲ್ಲ ಯವ್ವಾ. ತಲಿಗೆ ಪೆಟ್ಟಾದವ್ರಿಗೆ ಹಿಂಗೂ ಆಗ್ತದ. ನಾ ಮೊದಲ ಕೇಳಬೇಕಾಗಿತ್ತು,” ಎಂದರು.

ಆಕೆ ಅಂದೇ ವೈದ್ಯರಿಗೆ ತಿಳಿಸಿದರು. ವಾರಕ್ಕೊಮ್ಮೆ ಫೋನಿನಲ್ಲೇ ಮಾತಾಡುವ ಆಪ್ತಸಮಾಲೋಚಕಿಯೊಬ್ಬರನ್ನು ವೈದ್ಯರು ಗೊತ್ತುಮಾಡಿದರು. ಅಪ್ಪ ಅವ್ವನಿಗೂ ಎಲ್ಲವನ್ನೂ ಬಿಡಿಸಿ ಹೇಳಿದರು. ವ್ಯಾಯಾಮ ನೂರಾ ಐದರಿಂದ ಮತ್ತೆ ಶುರುವಾಯಿತು. ಅಂಕಿ ಕೇಳುವುದರ ಜೊತೆಗೆ ಚಿನ್ಮಯೀ ಈಗ ಬೇರೆ ಸಂಗತಿಗಳನ್ನೂ ಕೇಳತೊಡಗಿದರು. ಬೆವರು ಮೊದಲು ಎಲ್ಲಿ ಬಂತು? ಬಾಯಿ ಒಣಗಿದೆಯೇ? ಯಾವ ಕಾಲು ಮೊದಲು ಸೋತಿತು? ಇವಕ್ಕೆ ದಾಕ್ಷಾಯಿಣಿಗೆ ಉತ್ತರ ಗೊತ್ತಿತ್ತು. ಕತ್ತಿನ ಹಿಂದೆ. ಹೌದು. ಬಲಗಾಲು.

ವಿಷಯ ತಿಳಿದ ಮೇಲೆ ದ್ಯಾಮಣ್ಣ ನಾಲ್ಕೈದು ದಿನ ಮಗಳ ಮುಖ ನೋಡಲಿಲ್ಲ. ಒಂದು ಸಂಜೆ ಸ್ಟೂಲ್ ಮೇಲೆ ಕೂತು ಅಂಕಿ ಓದುವುದನ್ನು ಮರೆತ.

“ಅವತ್ತ ನೀ ಎದ್ದು ಓಡಿದಾಗ ನಾ ಚಪ್ಪಾಳಿ ಹೊಡದೆ ಯವ್ವಾ,” ಎಂದ.

ದಾಕ್ಷಾಯಿಣಿ ತುಳಿಯುವುದನ್ನು ನಿಲ್ಲಿಸಲಿಲ್ಲ. “ಕೇಳಿಸಿತ್ತಪಾ,” ಎಂದಳು.

ಅವನು ಕಣ್ಣೊರೆಸಿಕೊಂಡ. ಅಪ್ಪ ಅಳುತ್ತಿದ್ದಾನೆ ಎಂದು ಅವಳಿಗೆ ಗೊತ್ತಾಯಿತು, ಗೊತ್ತಾಗುವುದರಿಂದ ಆಚೆಗೆ ಏನೂ ಆಗಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಯಂತ್ರವಿದ್ದ ಬೆರಳು ಚಾಚಿ ತೋರಿಸಿದಳು. ಅವನು ನೂರಾ ಒಂಬತ್ತು ಎಂದು ಓದಿದ.

ಜನವರಿಯಲ್ಲಿ ಗೆರೆ ನೂರಾ ಮೂವತ್ತಕ್ಕೆ ಏರಿತು, ಫೆಬ್ರವರಿಯಲ್ಲಿ ನೂರಾ ಐವತ್ತಕ್ಕೆ. ಕಿಟಕಿಯ ಕಂಬಳಿ ಪೆಟ್ಟಿಗೆ ಸೇರಿತು. ಬಸ್ಸಿನಲ್ಲಿ ನಿಂತುಕೊಂಡೇ ನವನಗರಕ್ಕೆ ಹೋಗಿ ಬಂದಳು. ಮಾರ್ಚಿನ ಪಿಯುಸಿ ಪರೀಕ್ಷೆಯಲ್ಲಿ ಮೂರು ವಿಷಯಗಳಷ್ಟೇ ಬರೆದಳು, ಉಳಿದವನ್ನು ಎರಡನೇ ಪರೀಕ್ಷೆಯಲ್ಲಿ ಬರೆದು ಪಾಸಾದಳು. ಮೈದಾನಕ್ಕೆ ಹೋಗಲು ವೈದ್ಯರು ಒಪ್ಪಿದರು. ಹೋದಳು, ಓಡಿದಳು, ಉಸಿರು ಸಾಲದೆ ನಿಂತಳು. ಹಾರಬೇಕಾದ ಕಡೆ ಕಾಲು ಏಳಲಿಲ್ಲ. ಅವಳ ಜಾಗದಲ್ಲಿ ಬೇರೊಬ್ಬಳಿದ್ದಳು. ಖೋ-ಖೋ ಬಿಟ್ಟೆ ಎಂದು ಮನೆಗೆ ಬಂದು ಹೇಳಿದಾಗ ಹೆಚ್ಚು ಬೇಜಾರಾದದ್ದು ಶಿವಲಿಂಗವ್ವನಿಗೆ.

ಜುಲೈಯಲ್ಲಿ ಬಿ.ಕಾಂ. ಸೇರಿದ ವಾರ ಒಂದು ಬೆಳಿಗ್ಗೆ ಅವ್ವ ಅಡುಗೆಮನೆ ಕಟ್ಟೆ ಒರೆಸುತ್ತಿದ್ದ ಅರಿವೆ ದಾಕ್ಷಾಯಿಣಿಯ ಕಣ್ಣಿಗೆ ಬಿತ್ತು. ಅದು ಅವಳ ಆಟದ ಅಂಗಿ. ಬೇಡ, ಏನಾದರೂ ಮಾಡಿಕೋ ಎಂದು ಕೊಟ್ಟವಳು ಅವಳೇ. ಆದರೂ ಕಸಿದುಕೊಂಡು, ಕೇಳದೆ ಯಾಕ ಹರದಿ ಎಂದು ದನಿಯೇರಿಸಿದಳು. ಶಿವಲಿಂಗವ್ವ ಒದ್ದೆ ಕೈ ಹಾಗೇ ಇಟ್ಟುಕೊಂಡು ಮಗಳನ್ನೇ ನೋಡುತ್ತ ನಿಂತಳು.

ಬಿದ್ದ ಮೇಲೆ ಮೊದಲ ಸಲ ಬಂದ ಆ ಸಿಟ್ಟು ಅರ್ಧ ತಾಸು ಇತ್ತು. ತಿಂಗಳಿಗೊಮ್ಮೆ ಬರುವ ಕರೆಯಲ್ಲಿ ದಾಕ್ಷಾಯಿಣಿ ಅದನ್ನು ಚಿನ್ಮಯೀಗೆ ಹೇಳಿದಳು. ಮತ್ತೆ ಬಂದಿತ್ತೇ ಎಂದು ಅವರು ಕೇಳಿದರು. ಇಲ್ಲ, ಆ ಒಂದೇ ಸಲ ಎಂದಳು. ಸಿಟ್ಟು ಮತ್ತೆ ಬಂದದ್ದು ದೀಪಾವಳಿ ಕಳೆದ ಮೇಲೆ, ಬೇರೊಂದು ಸಣ್ಣ ಕಾರಣಕ್ಕೆ.