ಹೂಂ ಅನ್ನಬಾರದ ಕ್ಯಾಸೆಟ್ಟು

ಹಾಡು ಕೇಳಬೇಕಾದರೆ ಮಧ್ಯೆ ಎದ್ದು ಹೋಗಿ ಕ್ಯಾಸೆಟ್ ಮಗುಚಿ ಹಾಕಬೇಕಿದ್ದ ಕಾಲ. ತೊಂಬತ್ತರ ದಶಕ ಮುಗಿಯುತ್ತಿತ್ತು. ನಾನು ಹೇಳಹೊರಟ ಬಾಲ್ಯ ನನ್ನದಲ್ಲ, ಮೊಮ್ಮಗಳು ಮೈಥಿಲಿಯದು. ಆದರೆ ಆ ಬೇಸಿಗೆ ರಜೆಯಲ್ಲಿ ಅಣ್ಣಾ ನಗರದ ನಮ್ಮ ಮನೆಯಲ್ಲಿ ಅವಳಿಗಿಂತ ಹೆಚ್ಚು ತುಂಟಾಟ ಮಾಡಿದವಳು ನಾನೇ. ಹಾಗಾಗಿ ಅರ್ಧ ಪಾಲು ನನಗೂ ಬರಬೇಕು.

ಅವಳಿಗೆ ಹನ್ನೊಂದು. ಮೇಲಿನ ಮನೆಯ ತಮಿಳು ಹುಡುಗಿ ಕವಿತಾ ಜೊತೆ ಸೇರಿ ಇಂಗ್ಲಿಷ್ ರಾಕ್ ಹಾಡುಗಳ ಹುಚ್ಚು ಹಿಡಿಸಿಕೊಂಡಿದ್ದಳು. ಅವರು ಹೇಳುವ ಪ್ರಕಾರ ಒಂದು ಹಾಡಿನಲ್ಲಿ ಬರುವ ಬಿಳಿ ಬಾಗಿಲು ಅಂದರೆ ಗೋರಿ ಅಂತೆ. ಹಾಡುಗಾರ ಎಂದೋ ಸತ್ತನಂತೆ, ಈಗ ಹಾಡುವವನು ಅದೇ ಮುಖದ ಬೇರೊಬ್ಬನಂತೆ. ಕೊನೆಯ ಹಾಡು ಮುಗಿದ ಮೇಲೂ ಕ್ಯಾಸೆಟ್ ಓಡಲು ಬಿಟ್ಟರೆ ಸತ್ತವನು ಏನೋ ಕೇಳುತ್ತಾನಂತೆ. ಉತ್ತರ ಕೊಟ್ಟವರು ಅಮಾವಾಸ್ಯೆಯೊಳಗೆ ಅವನ ಹಿಂದೆ ಹೋಗಬೇಕಂತೆ.

“ಇಂಗ್ಲಿಷಿನವನಿಗೆ ನಮ್ಮ ಅಮಾವಾಸ್ಯೆ ಯಾರೇ ಹೇಳಿದ್ದು?” ಎಂದೆ.

“ಪಾಟಿ, ಸಿರಿಕ್ಕಾದೀಂಗ!” ನಗಬೇಡಿ ಎಂದು ಕವಿತಾ ಕಣ್ಣು ಬಿಟ್ಟಳು.

“ಸತ್ತವ್ರಿಗೆ ಎಲ್ಲಾ ಗೊತ್ತಿರತ್ತೆ ಅಜ್ಜಿ,” ಎಂದಳು ಮೈಥಿಲಿ.

ಆಗ ಅಂಗಡಿಗೆ ಹಳೆಯ ಕ್ಯಾಸೆಟ್ ಕೊಟ್ಟರೆ ಕೇಳಿದ ಹಾಡು ತುಂಬಿಸಿ ಕೊಡುತ್ತಿದ್ದರು. ಮೈಥಿಲಿ ಬೀರುವಿನಿಂದ ಚೀಟಿಯಿಲ್ಲದ ಒಂದನ್ನು ಒಯ್ದು ತುಂಬಿಸಿಕೊಂಡು ಬಂದಿದ್ದಳು. ಯಾವುದು ಅಂತ ನಾನೂ ನೋಡಲಿಲ್ಲ.

ಮಧ್ಯಾಹ್ನ. ತಾರಸಿಯಲ್ಲಿ ನಮ್ಮವರ ಹಳೆಯ ಪಂಚೆಯ ಮೇಲೆ ಅರಳು ಸಂಡಿಗೆ ಒಣಗುತ್ತಿತ್ತು. ಹಿಂಗು, ಹಸಿಮೆಣಸಿನ ವಾಸನೆ ಕೆಳಗಿನವರೆಗೂ ಬರುತ್ತಿತ್ತು. ಹುಡುಗಿಯರು ಪರದೆ ಎಳೆದು ಟೇಪ್ ರೆಕಾರ್ಡರ್ ಮುಂದೆ ಕೂತರು. ನಾನು ಬಾಗಿಲ ಹಿಂದೆ ಹಿತ್ತಾಳೆ ಚೊಂಬು, ಸೌಟು ಹಿಡಿದು ನಿಂತೆ. ಹಾಡು ಮುಗಿದ ಕೂಡಲೇ ಢಣ್ ಅನ್ನಿಸಿ ಚಡ್ಡಿ ಒದ್ದೆ ಮಾಡಿಸಬೇಕು ಅಂತ.

ಹಾಡು ಮುಗಿಯಿತು. ಬರೀ ಸುಯ್ ಸದ್ದು. ಸೌಟು ಎತ್ತಿದೆ. ಅಷ್ಟರಲ್ಲಿ ದೂರದ ಬಾವಿಯೊಳಗಿಂದ ಬಂದಂತೆ ಒಂದು ಕೆಮ್ಮು. ಆಮೇಲೆ ಗಂಡಸಿನ ದನಿ:

“ಕೇಳ್ತಾ ಇದ್ಯೇನೇ?”

“ಹೂಂ,” ಎಂದೆ.

ಟಕ್ ಎಂದು ಟೇಪ್ ನಿಂತಿತು. ನನ್ನ ಕೈಯಿಂದ ಚೊಂಬು ಬಿತ್ತು. ಕವಿತಾ ಕಿರುಚಿಕೊಂಡು ಮೆಟ್ಟಿಲು ಹತ್ತಿ ಓಡಿದಳು. ಮೈಥಿಲಿ ಓಡಲಿಲ್ಲ. ನನ್ನನ್ನೇ ನೋಡುತ್ತಿದ್ದಳು.

“ಅಜ್ಜಿ, ನೀನ್ಯಾಕೆ ಹೂಂ ಅಂದೆ?”

ಬಿದ್ದ ಚೊಂಬು ಎತ್ತಿಕೊಂಡೆ. ಎಂಟು ವರ್ಷದ ಹಿಂದೆ ತೀರಿಕೊಂಡ ನಮ್ಮವರ ದನಿ ಅದು. ಮೊಮ್ಮಗಳು ದೊಡ್ಡವಳಾದ ಮೇಲೆ ಕೇಳಲಿ ಎಂದು ಆ ಕ್ಯಾಸೆಟ್ಟಿನಲ್ಲಿ ಕಥೆ ಹೇಳಿ ತುಂಬಿಸಿಟ್ಟಿದ್ದರು. ನಮ್ಮಲ್ಲಿ ಕಥೆ ಕೇಳುವವರು ಹೂಂಗುಟ್ಟಬೇಕು, ಇಲ್ಲದಿದ್ದರೆ ಅವರು ಅಲ್ಲಿಗೇ ನಿಲ್ಲಿಸಿಬಿಡುತ್ತಿದ್ದರು. ಮೂವತ್ತು ವರ್ಷದ ಅಭ್ಯಾಸ, ಬಾಯಿ ತಾನೇ ಅಂದಿತ್ತು. ಆಮೇಲೆ ಒಬ್ಬಳೇ ಎರಡೂ ಕಡೆ ಹಾಕಿ ನೋಡಿದೆ. ಕಥೆಯೆಲ್ಲ ಹಾಡಿನ ಅಡಿಗೆ ಹೋಗಿತ್ತು. ಹಾಡು ಸಾಲದೆ ಉಳಿದ ತುದಿಯಲ್ಲಿ ಆ ಒಂದು ಪ್ರಶ್ನೆ ಮಾತ್ರ.

ಅಮಾವಾಸ್ಯೆಗೆ ಒಂಬತ್ತು ದಿನವಿತ್ತು. ಮೈಥಿಲಿ ಊಟ ಬಿಟ್ಟಳು. ಬಚ್ಚಲ ಬಾಗಿಲಲ್ಲಿ ನಿಂತು “ಅಜ್ಜಿ, ಇದ್ದೀಯಾ?” ಎನ್ನುತ್ತಿದ್ದಳು. “ಹೂಂ” ಎಂದರೆ ಅಳುತ್ತಿದ್ದಳು. ನಾನು ಮಲಗಿದ್ದಾಗ ಉಸಿರಿದೆಯೇ ಎಂದು ಮೂಗಿನ ಕೆಳಗೆ ಅವಳ ತಣ್ಣನೆಯ ಬೆರಳು. ನಿಜ ಹೇಳಿದರೆ ಹೆದರಿಕೆ ಹೋಗುತ್ತದೆ. ಆದರೆ ತಾತನ ದನಿ ಅಳಿಸಿದವಳು ತಾನು ಎಂಬ ಕೊರಗು ಅಮಾವಾಸ್ಯೆ ಕಳೆದರೂ ಹೋಗುವುದಿಲ್ಲ. ಬಾಯಿ ಮುಚ್ಚಿಕೊಂಡೆ. ನಿಜ ಹೇಳಲೇ? ನನಗೂ ಒಳಗೊಳಗೆ ಅಳುಕಿತ್ತು. ಕರೆದವರು ನಮ್ಮವರೇ ಅಲ್ಲವೇ?

ಅಮಾವಾಸ್ಯೆಯ ದಿನವಿಡೀ ಮೈಥಿಲಿ ನನ್ನ ಸೆರಗು ಹಿಡಿದೇ ಇದ್ದಳು. ಮರುದಿನ ನಾನು ಕಣ್ಣು ಬಿಟ್ಟಾಗ ಪಕ್ಕದಲ್ಲಿರಲಿಲ್ಲ. ತಾರಸಿಗೆ ಹೋದರೆ, ಕ್ಯಾಸೆಟ್ಟಿನ ರೀಲು ಪೂರ್ತಿ ಎಳೆದು, ಕಾಗೆ ಬಾರದಿರಲಿ ಎಂದು ನಾವು ಕಟ್ಟುವ ಹಾಗೆ ಹೊಸ ಸಂಡಿಗೆಯ ಸುತ್ತ ಕಂಬದಿಂದ ಕಂಬಕ್ಕೆ ಕಟ್ಟಿದ್ದಳು.

“ಇನ್ಮೇಲೆ ಅವ್ನು ಯಾರನ್ನೂ ಕರೆಯಲ್ಲ ಅಜ್ಜಿ!” ಎಷ್ಟೋ ದಿನಗಳ ಮೇಲೆ ನಗುತ್ತಿದ್ದಳು. “ಹಸಿವು. ದೋಸೆ ಹಾಕು.”

ಹಾಕಿಕೊಟ್ಟೆ. ಐದು ತಿಂದಳು.

ಈಗ ಸಂಡಿಗೆ ಅಂಗಡಿಯಿಂದ ಬರುತ್ತದೆ. ಹಾಡು ಕೇಳುವವರು ಕಿವಿಯೊಳಗೇ ಸಿಕ್ಕಿಸಿಕೊಳ್ಳುತ್ತಾರೆ. ಬಾಗಿಲ ಹಿಂದೆ ಚೊಂಬು ಹಿಡಿದು ನಿಂತವಳಿಗೆ ಏನೂ ಕೇಳಿಸುವುದಿಲ್ಲ. ಈ ಫೋನಿನಲ್ಲಿ ಟೈಪು ಮಾಡಲು ಕಲಿಸಿದವಳು ಮೈಥಿಲಿಯೇ, ಮೊದಲು ಓದುವವಳೂ ಅವಳೇ. ಅಳಬೇಡ ಪುಟ್ಟಿ. ಅವತ್ತು ನೀನು ದೋಸೆ ತಿಂದು ಓಡಿದ ಮೇಲೆ ನಾನು ಮತ್ತೆ ತಾರಸಿ ಹತ್ತಿದ್ದೆ. ಸಮುದ್ರದ ಗಾಳಿ ಎದ್ದಿತ್ತು. ಆ ಕಪ್ಪು ರೀಲು ಬಿಸಿಲಲ್ಲಿ ಹೊಳೆಯುತ್ತ, ಅದುರುತ್ತ, ಒಂದೇ ಸಮನೆ ಗುಂಯ್‌ಗುಡುತ್ತಿತ್ತು. ಸಂಡಿಗೆ ಮಗುಚುತ್ತ ಕೂತೆ. ಗಾಳಿ ನಿಂತಾಗಲೆಲ್ಲ, “ಹೂಂ” ಎಂದೆ.