ಮಂಡಕ್ಕಿ ತಿಂದದ್ದು ಲೆಕ್ಕಕ್ಕಿಲ್ಲ

ಮಂಡಕ್ಕಿ ಕೊಳ್ಳಬೇಕೆಂದು ನಾನು ಮನೆಯಿಂದ ಹೊರಟದ್ದು ಹುಟ್ಟಿದಾಗಿನಿಂದ ಒಮ್ಮೆಯೂ ಇಲ್ಲ. ಹೊರಡುವುದು ಕೊತ್ತಂಬರಿ ಸೊಪ್ಪಿಗೆ, ಇಲ್ಲವೇ ಸೀರೆಗೆ ಫಾಲ್ ಹಾಕಿಸಲಿಕ್ಕೆ. ದಾರಿಯಲ್ಲಿ ಎಣ್ಣೆಗೆ ಮೆಣಸಿನಕಾಯಿ ಬಿದ್ದ ಚುರ್ ಸದ್ದು ಕೇಳುತ್ತದೆ, ಕಾಲು ತಾನಾಗಿ ನಿಲ್ಲುತ್ತದೆ. ಮನೆ ಸೇರುವಾಗ ಕೈಯಲ್ಲಿ ಮಂಡಕ್ಕಿ ಪೊಟ್ಟಣ, ಬಿಸಿ ಮಿರ್ಚಿ ಇರುತ್ತವೆ, ಕೊತ್ತಂಬರಿ ಇರುವುದಿಲ್ಲ. ಇದನ್ನು ಚಪಲ ಎಂದು ಹೀಗಳೆಯುವವರು ಸಂಜೆ ಹೊತ್ತು ದಾವಣಗೆರೆಯಲ್ಲಿ ಓಡಾಡಿದವರಲ್ಲ.

ನಮ್ಮ ಕಡೆ ಇನ್ನೊಂದು ಅನುಕೂಲವಿದೆ. ಮಂಡಕ್ಕಿಯನ್ನು ನಾವು ಆಹಾರ ಎಂದು ಪರಿಗಣಿಸುವುದೇ ಇಲ್ಲ. ಒಂದು ಮೊರದಷ್ಟು ತಿಂದು ಕೈ ಒರೆಸಿಕೊಳ್ಳುತ್ತಿರುವವನನ್ನು ಕೇಳಿ, ‘ಬೆಳಿಗ್ಗಿಂದ ಏನೂ ತಿಂದಿಲ್ಲ ನೋಡ್ರಿ, ಬರೇ ಮಂಡಕ್ಕಿ’ ಎನ್ನುತ್ತಾನೆ. ಸುಳ್ಳು ಹೇಳುತ್ತಿಲ್ಲ ಪಾಪ, ಮನಸಾರೆ ನಂಬಿದ್ದಾನೆ. ಹರಿಹರದಲ್ಲಿ ನನ್ನ ತಮ್ಮನ ಜೊತೆ ಇರುವ ನಮ್ಮವ್ವನೂ ಹಾಗೇ ನಂಬಿದವಳು. ನಾನು ಅವಳ ಮಗಳೇ ತಾನೆ.

ಅವ್ವನಿಗೆ ಎರಡೂ ಕಣ್ಣಿಗೆ ಪೊರೆ ಬಂದಿತ್ತು, ಜೊತೆಗೆ ಸಕ್ಕರೆ ಕಾಯಿಲೆ. ಒಂದು ದಿನ ನಮ್ಮ ಮನೆಗೆ ಬರುತ್ತೇನೆಂದು ದಾವಣಗೆರೆ ಬಸ್ಸು ಬಿಟ್ಟು ಹರಪನಹಳ್ಳಿ ಬಸ್ಸು ಹತ್ತಿಬಿಟ್ಟಳು. ಕಂಡಕ್ಟರು ಇಳಿಯಿರಿ ಎಂದರೆ ಇಳಿಯಲಿಲ್ಲ. ‘ನಾನು ಸರಿಯಾಗೇ ಹತ್ತೀನಿ, ನಿಮ್ಮ ಬಸ್ಸೇ ದಾರಿ ತಪ್ಪೈತೆ’ ಎಂದು ಜಗಳ ತೆಗೆದಳಂತೆ. ಅಂದಿನಿಂದ ತಮ್ಮ ಅವಳನ್ನು ಒಬ್ಬಳೇ ಹೊರಗೆ ಬಿಡುವುದನ್ನು ನಿಲ್ಲಿಸಿದ. ಮದುವೆ, ಮುಂಜಿ, ಸಾವು, ಸಂತೆ ಎಲ್ಲಕ್ಕೂ ಒಬ್ಬಳೇ ಸೆರಗು ಸಿಕ್ಕಿಸಿ ಹೊರಟುಬಿಡುತ್ತಿದ್ದ ಹೆಂಗಸು ಈಗ ಓಣಿಯ ಕೊನೆಗೆ ಹೋಗಬೇಕಾದರೂ ಯಾರದಾದರೂ ಕೈ ಹಿಡಿಯಬೇಕು. ಆಪರೇಷನ್ ಆದರೆ ಮತ್ತೆ ತಿರುಗಬಹುದು, ಇಲ್ಲದಿದ್ದರೆ ಇಷ್ಟೇ. ಅವಳು ಕಟ್ಟೆಯ ಮೇಲೆ ಸುಮ್ಮನೆ ಕೂತಿರುವುದನ್ನು ನೋಡಿದರೆ ನನಗೆ ಸಂಕಟವಾಗುತ್ತಿತ್ತು.

ದಾವಣಗೆರೆ ಪಿ.ಜೆ. ಬಡಾವಣೆಯ ಕಣ್ಣಿನ ಡಾಕ್ಟರಮ್ಮ ‘ಮೊದಲು ಸಕ್ಕರೆ ಇಳಿಯಲಿ, ಆಮೇಲೆ ಕಣ್ಣು’ ಎಂದು ಎರಡು ಸಲ ವಾಪಸ್ ಕಳಿಸಿದರು. ಅವ್ವ ಬೆಲ್ಲ ಬಿಟ್ಟಳು, ಬಾಳೆಹಣ್ಣು ಬಿಟ್ಟಳು, ಅನ್ನ ಬಿಟ್ಟು ರೊಟ್ಟಿ ಹಿಡಿದಳು. ಹಬ್ಬದ ದಿನ ಹೋಳಿಗೆ ಕಡೆ ಬೆನ್ನು ಹಾಕಿ ಕೂತಳು. ಸಕ್ಕರೆ ಮಾತ್ರ ಇಳಿಯಲೊಲ್ಲದು. ನಾವು ಮಾತ್ರೆಯನ್ನು ಬೈದೆವು, ರಕ್ತ ಪರೀಕ್ಷೆಯ ಮಿಷನ್ನನ್ನು ಬೈದೆವು.

ಮೂರನೆಯ ಸಲ ನಾನೇ ಹರಿಹರಕ್ಕೆ ಹೋಗಿ ಅವಳನ್ನು ಬೆಳಿಗ್ಗೆಯೇ ಹೊರಡಿಸಿದೆ. ಖಾಲಿ ಹೊಟ್ಟೆಯಲ್ಲಿ ರಕ್ತ ಕೊಡಬೇಕಿತ್ತು. ಬಸ್ಸು ತಡವಾಯಿತು. ಪಕ್ಕದ ಗಾಡಿಯಲ್ಲಿ ಒಗ್ಗರಣೆ ಮಂಡಕ್ಕಿ ಬಾಣಲೆಯೊಳಗೆ ಮೇಲೆ ಕೆಳಗೆ ಆಗುತ್ತಿತ್ತು. ನಾನು ಕೇಳಲಿಲ್ಲ, ಅವಳು ಬ್ಯಾಡ ಅನ್ನಲಿಲ್ಲ. ಒಂದು ಪೊಟ್ಟಣ ಬಂತು, ಸಾಲದೆ ಇನ್ನೊಂದು ಬಂತು.

ಲ್ಯಾಬಿನ ಹುಡುಗಿ ಸೂಜಿ ಹಿಡಿದು ಕೇಳಿದಳು, ‘ಏನಾದ್ರೂ ತಿಂದೀರೇನಜ್ಜಿ?’

‘ಏನೂ ಇಲ್ಲವ್ವ’ ಎಂದಳು ಅವ್ವ.

‘ಒಂದು ಗುಟುಕು ಚಾ ಸಹ ಕುಡ್ದಿಲ್ಲ’ ಎಂದು ನಾನು ಹೆಮ್ಮೆಯಿಂದ ಸಾಕ್ಷಿ ನುಡಿದೆ.

ರಿಪೋರ್ಟು ನೋಡಿ ಡಾಕ್ಟರಮ್ಮ ತಲೆ ಕೆಡಿಸಿಕೊಂಡರು. ಆಮೇಲೆ ಎದ್ದು ಬಂದು ಅವ್ವನ ಸೆರಗಿನ ಮಡಿಕೆಯಿಂದ ಅರಿಶಿನ ಬಣ್ಣದ ನಾಲ್ಕು ಕಾಳು ಆರಿಸಿ ಅಂಗೈಯಲ್ಲಿ ಹಿಡಿದರು. ‘ಇದೇನು?’

‘ಮಂಡಕ್ಕಿ’ ಎಂದೆವು ಇಬ್ಬರೂ ಒಟ್ಟಿಗೆ, ಕೊಂಚವೂ ಅಳುಕಿಲ್ಲದೆ.

‘ದಿನಾ ತಿಂತೀರಾ?’

‘ಹಸಿವಾದ್ರೆ ಇನ್ನೇನ್ ಮಾಡ್ಲಿ?’ ಅವ್ವನಿಗೆ ರೇಗಿತು. ‘ನೀವು ಏನೂ ತಿನಬ್ಯಾಡ ಅಂದ್ರಿ. ಅದಕ್ಕೇ ಬರೇ ಮಂಡಕ್ಕಿ ತಿಂದ್ಕೊಂಡು ಇದೀನಿ.’

ಡಾಕ್ಟರಮ್ಮ ಮಂಗಳೂರು ಕಡೆಯವರು. ನಮ್ಮೂರಿನವರೇ ಆಗಿದ್ದರೆ ಅವರಿಗೂ ಹೊಳೆಯುತ್ತಿರಲಿಲ್ಲವೇನೋ. ಮಂಡಕ್ಕಿ ಎಂದರೆ ಅಕ್ಕಿಯೇ, ಅನ್ನಕ್ಕಿಂತ ಬೇಗ ರಕ್ತದಲ್ಲಿ ಸಕ್ಕರೆ ಏರಿಸುತ್ತದೆ ಎಂದು ಅವರು ಬಿಡಿಸಿ ಹೇಳಿದಾಗ ಅವ್ವ ನಂಬಲಿಲ್ಲ. ‘ಗಾಳಿ ಅದು! ಮುಷ್ಟಿ ಹಿಡಿದ್ರೆ ಏನೂ ಇರಲ್ಲ!’ ಎಂದು ಹೊರಗೆ ಬಂದ ಮೇಲೂ ಗೊಣಗುತ್ತಿದ್ದಳು. ಆಟೊದಲ್ಲಿ ಕೂತ ಮೇಲೆ ಮೆಲ್ಲಗೆ ಕೇಳಿದಳು, ‘ನಿಜ ಇರಬಹುದೇನೆ?’ ನನಗೂ ಅದೇ ಅನುಮಾನ ಶುರುವಾಗಿತ್ತು.

ಅವ್ವ ಅಂದೇ ಮಂಡಕ್ಕಿ ಬಿಟ್ಟಳು. ಹೋಳಿಗೆಗೆ ಬೆನ್ನು ಹಾಕುವಾಗ ಮಾಡದ ಮುಖ ಈಗ ಮಾಡುತ್ತಿದ್ದಳು. ಅವಳಿಗೆ ಜೊತೆಯಾಗಲಿ ಎಂದು ನಾನೂ ಬಿಟ್ಟೆ. ಕೈ ಸುಮ್ಮನಿರಬೇಕಲ್ಲ, ಮಂಡಕ್ಕಿ ಬದಲು ರಸ್ತೆ ಬದಿ ಸಿಕ್ಕದ್ದೆಲ್ಲ ಕೊಳ್ಳತೊಡಗಿದೆ. ನಮ್ಮ ಮನೆಯಲ್ಲೀಗ ಚಹಾ ಸೋಸುವ ಜಾಲರಿಗಳು ಇಡೀ ಕೆ.ಬಿ. ಬಡಾವಣೆಗೆ ಸಾಕಾಗುವಷ್ಟಿವೆ. ಆದರೆ ಸಕ್ಕರೆ ಇಳಿಯಿತು. ಡಾಕ್ಟರಮ್ಮ ಒಂದು ಕಣ್ಣಿನ ಆಪರೇಷನ್ ಮಾಡಿದರು.

ಮರುದಿನ ಪಟ್ಟಿ ಬಿಚ್ಚಿದಾಗ ನಾನು ಎದುರಿಗೇ ನಿಂತಿದ್ದೆ. ಅವ್ವ ಗೋಡೆ ನೋಡಿದಳು, ಫ್ಯಾನು ನೋಡಿದಳು, ಡಾಕ್ಟರಮ್ಮನನ್ನು ನೋಡಿ ‘ಇಷ್ಟು ಸಣ್ಣ ಹುಡುಗೀನಾ ನೀನು?’ ಎಂದಳು. ಕೊನೆಗೆ ಅವಳ ನೋಟ ನನ್ನ ಮುಖಕ್ಕೆ ಬಂದು ನಿಂತಿತು. ನನ್ನ ಕಿವಿಯ ಹತ್ತಿರದ ಬಿಳಿ ಕೂದಲನ್ನು ಬೆರಳಲ್ಲಿ ಮುಟ್ಟಿದಳು, ಕಣ್ಣ ಕೆಳಗಿನ ಕಪ್ಪನ್ನು ಮುಟ್ಟಿದಳು.

‘ಯಾವಾಗ ಆತು ಇದೆಲ್ಲ?’ ಎಂದಳು.

‘ಆಗ್ತಾನೇ ಇತ್ತವ್ವ’ ಎಂದೆ.

‘ಕಣ್ಣು ಮಂಜಾಗಿದ್ದಾಗ ನೀನು ಚಂದ ಇದ್ದಿ’ ಎಂದು ನನ್ನ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಆಮೇಲೆ ಡಾಕ್ಟರಮ್ಮನ ಕಡೆ ತಿರುಗಿ, ‘ಇನ್ನೊಂದು ಕಣ್ಣೂ ಲಗೂನ ಮಾಡ್ರವ್ವ. ಇವಳನ್ನ ಅರ್ಧಾನೇ ನೋಡೀನಿ’ ಎಂದಳು.